ಪಂಢರಿಯ ಹಾಡುಗಳಲ್ಲಿ ‘ಕಾನಡಾ’

ಆಷಾಢ ಶುದ್ಧ ಏಕಾದಶಿ ಸಮೀಪಿಸುತ್ತಿದ್ದಂತೆ ಉಮರ್ಗಾದಿಂದ ಸೊಲ್ಲಾಪುರದತ್ತ ಸಾಗುವ ಹೆದ್ದಾರಿಯ ಚಹರೆಯೇ ಬದಲಾಗುತ್ತದೆ. ಭಗವಾ ಪತಾಕೆಗಳನ್ನು ಹಿಡಿದ ದಿಂಡಿಗಳು, ತಲೆಯ ಮೇಲೆ ತುಳಸಿ ವೃಂದಾವನ ಹೊತ್ತ ಹೆಣ್ಣುಮಕ್ಕಳು, ಟಾಳ ಮತ್ತು ಪಖವಾಜದ ನಾದ, ಹಣೆಗೆ ಬುಕ್ಕಾ. ರಸ್ತೆಬದಿಯ ಚಹಾದಂಗಡಿಗಳಿಂದ ಆ ದಿನಗಳಲ್ಲಿ ತಪ್ಪದೆ ಕೇಳಿಬರುವ ಹಾಡು ‘ಕಾನಡಾ ರಾಜಾ ಪಂಢರೀಚಾ’. ನಿಲಂಗಾ, ಉದಗೀರಗಳ ಕಡೆಯಲ್ಲಿ ಮನೆಯೊಳಗೆ ಕನ್ನಡವನ್ನೂ ಶಾಲೆಯಲ್ಲಿ ಮರಾಠಿಯನ್ನೂ ಆಡುವ ಮಕ್ಕಳಿಗೂ ಈ ಹಾಡು ಬಾಯಿಪಾಠ. ಆದರೆ ಅದರ ಮೊದಲ ಶಬ್ದದ ಅರ್ಥವೇನೆಂದು ತರಗತಿಯಲ್ಲಿ ಕೇಳಿದರೆ ಒಂದೇ ಉತ್ತರ ಬರುವುದಿಲ್ಲ. ಕೆಲವರು ‘ಕನ್ನಡದವನು’ ಎನ್ನುತ್ತಾರೆ. ಕೆಲವರು ‘ತಿಳಿಯಲು ಬಾರದವನು’ ಎನ್ನುತ್ತಾರೆ. ಗಡಿಭಾಗದ ವಿದ್ಯಾರ್ಥಿಗೆ ಇದು ಕೇವಲ ಪದಾರ್ಥದ ಪ್ರಶ್ನೆಯಲ್ಲ. ತನ್ನ ಮನೆಯ ಮಾತಿನ ಹೆಸರು ನೆರೆಯ ಭಾಷೆಯಲ್ಲಿ ‘ತಿಳಿಯದ್ದು’ ಎಂಬ ಅರ್ಥದಲ್ಲಿ ಬಳಕೆಯಾಗುತ್ತಿದೆ ಎಂದು ಅರಿತ ದಿನ ಅವನಿಗೆ ಆಗುವ ಕಸಿವಿಸಿ ಸಣ್ಣದಲ್ಲ.

ಈ ಹಾಡು ಪ್ರಾಚೀನ ಅಭಂಗವೆಂದು ಅನೇಕರು ಭಾವಿಸಿದ್ದಾರೆ, ಅದು ಹಾಗಲ್ಲ. 1970ರ ‘ಝಾಲಾ ಮಹಾರ ಪಂಢರೀನಾಥ’ ಎಂಬ ಮರಾಠಿ ಚಲನಚಿತ್ರಕ್ಕಾಗಿ ಗ. ದಿ. ಮಾಡಗೂಳಕರರು ರಚಿಸಿದ ಗೀತೆಯಿದು. ಸಂಗೀತ ಸುಧೀರ ಫಡಕೆಯವರದು. ಅವರೇ ವಸಂತರಾವ ದೇಶಪಾಂಡೆಯವರೊಡನೆ ಇದನ್ನು ಹಾಡಿದ್ದಾರೆ. ಚಿತ್ರವನ್ನು ನೋಡದ ತಲೆಮಾರು ಕೂಡ ಹಾಡನ್ನು ಉಳಿಸಿಕೊಂಡಿದೆ. ಭಜನೆಯ ಮೇಳಗಳು ಇದನ್ನು ಸಂತರ ಅಭಂಗಗಳ ಸಾಲಿನಲ್ಲಿಯೇ ಹಾಡುತ್ತವೆ. ಕವಿಯ ಹೆಸರು ಮರೆತುಹೋಗುವಷ್ಟು ಹಾಡು ಜನರದಾಯಿತೆಂದರೆ ಅದು ಕವಿಗೆ ಸಂದ ಮರ್ಯಾದೆಯೇ ಸರಿ.

ಆದರೆ ‘ಕಾನಡಾ’ ಎಂಬ ವಿಶೇಷಣ ಮಾಡಗೂಳಕರರ ಸೃಷ್ಟಿಯಲ್ಲ. ಹದಿಮೂರನೆಯ ಶತಮಾನದ ಜ್ಞಾನೇಶ್ವರರ ಹೆಸರಿನಲ್ಲಿರುವ, ಪಾಂಡುರಂಗನ ಕಾಂತಿಯನ್ನು ವರ್ಣಿಸುವ ಪ್ರಸಿದ್ಧ ಅಭಂಗದಲ್ಲಿ ವಿಠ್ಠಲನನ್ನು ಕಾನಡಾ ಎಂದೂ ಕರ್ನಾಟಕದವನು ಎಂದೂ ಕರೆಯಲಾಗಿದೆ. ಹೃದಯನಾಥ ಮಂಗೇಶಕರರ ಸಂಯೋಜನೆಯಲ್ಲಿ ಆಶಾ ಭೋಸಲೆಯವರು ಹಾಡಿದ ಮೇಲೆ ಈ ಅಭಂಗವೂ ಮನೆಮಾತಾಯಿತು. ಈ ಎರಡು ಶಬ್ದಗಳಿಗೆ ಮರಾಠಿಯ ವ್ಯಾಖ್ಯಾನಕಾರರು ಎರಡು ಬಗೆಯಲ್ಲಿ ಅರ್ಥ ಹೇಳುತ್ತ ಬಂದಿದ್ದಾರೆ. ಒಂದು, ವಿಠ್ಠಲನು ಕನ್ನಡ ನಾಡಿನಿಂದ ಬಂದ ದೇವರು ಎಂಬ ನೇರವಾದ ಅರ್ಥ. ಇನ್ನೊಂದು, ‘ಕಾನಡಾ’ ಎಂದರೆ ಅಗಮ್ಯ, ‘ಕರ್ನಾಟಕು’ ಎಂದರೆ ನಾಟಕವಾಡುವವನು, ಲೀಲೆ ತೋರುವವನು ಎಂಬ ಅಧ್ಯಾತ್ಮದ ಅರ್ಥ. ಎರಡನೆಯದಕ್ಕೆ ಆಧಾರವಿಲ್ಲವೆನ್ನಲಾಗದು. ಆ ಅಭಂಗದ ಒಟ್ಟು ಭಾವವೇ ದಿಗ್ಭ್ರಮೆಯದು: ಮಾತಿಲ್ಲದೆ ಸಂವಾದ ನಡೆಯುತ್ತದೆ, ಅಪ್ಪಿಕೊಳ್ಳಹೋದರೆ ಎದುರಿಗೆ ಇನ್ನೊಬ್ಬರಿಲ್ಲ, ನಿಂತಿರುವವಳು ತಾನೊಬ್ಬಳೇ. ಮಾಡಗೂಳಕರರೂ ತಮ್ಮ ಪಲ್ಲವಿಯಲ್ಲಿ ವೇದಗಳಿಗೂ ಇವನ ಕೊನೆಮೊದಲು ತಿಳಿಯಲಿಲ್ಲವೆಂಬ ಮಾತನ್ನು ಕಾನಡಾ ಎಂಬ ಶಬ್ದದ ಬೆನ್ನಿಗೇ ಇಟ್ಟಿದ್ದಾರೆ.

ಆದಾಗ್ಯೂ ಗೂಢಾರ್ಥವೊಂದೇ ನಿಜ, ನಾಡಿನ ಅರ್ಥ ಹುಸಿ ಎಂಬ ವಾದ ಒಪ್ಪತಕ್ಕದ್ದಲ್ಲ. ಕಾರಣ ಸರಳವಾದುದು. ಇಲ್ಲಿರುವುದು ಶ್ಲೇಷೆ. ಶ್ಲೇಷೆಗೆ ಎರಡು ಅರ್ಥಗಳೂ ಜೀವಂತವಾಗಿರಬೇಕು. ಮರಾಠಿ ಕಿವಿಗೆ ಅತಿ ಸಮೀಪದಲ್ಲಿದ್ದೂ ತಿಳಿಯದ ಮಾತು ಕನ್ನಡವಾಗಿತ್ತು. ಆದ್ದರಿಂದಲೇ ಆ ಭಾಷೆಯ ಹೆಸರು ‘ತಿಳಿಯದ್ದು’ ಎಂಬುದಕ್ಕೆ ಪರ್ಯಾಯವಾಯಿತು. ಕಣ್ಣೆದುರಿಗೆ ನಿಂತಿದ್ದೂ ಬುದ್ಧಿಗೆ ನಿಲುಕದ ದೇವರನ್ನು ಬಣ್ಣಿಸಲು ಅದಕ್ಕಿಂತ ತಕ್ಕ ಶಬ್ದ ಆ ಕವಿಗೆ ದೊರೆಯುವುದು ಕಷ್ಟವಿತ್ತು. ದೂರದ ಭಾಷೆಯ ಹೆಸರು ಇಲ್ಲಿ ಹೊಂದುತ್ತಿರಲಿಲ್ಲ. ಪಕ್ಕದ ಮನೆಯ ಮಾತೇ ಬೇಕಾಗಿತ್ತು.

ನಾಡಿನ ಅರ್ಥಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಪಂಢರಪುರದ ವಿಠ್ಠಲ ದೇವಾಲಯದ ತೊಲೆಯೊಂದರ ಮೇಲೆ ಶಕ 1159ರ, ಎಂದರೆ ಕ್ರಿ.ಶ. 1237ರ, ಸಂಸ್ಕೃತ ಮತ್ತು ಕನ್ನಡದ ಶಾಸನವಿದೆ. ಹೊಯ್ಸಳ ದೊರೆ ಸೋಮೇಶ್ವರನು ದೇವರಿಗೆ ದತ್ತಿ ಬಿಟ್ಟ ವಿಷಯ ಅದರಲ್ಲಿದೆ. ಜ್ಞಾನೇಶ್ವರರು ಜನಿಸಿದರೆಂದು ಹೇಳುವ 1275ಕ್ಕಿಂತ ಇದು ಸುಮಾರು ನಾಲ್ಕು ದಶಕ ಹಿಂದಿನದು. ಶಾಸನ ಆ ಊರನ್ನು ಕರೆಯುವುದು ‘ಪಂಡರಗೆ’ ಎಂದು. ಕಲಬುರಗೆ ಮೊದಲಾದ ಹೆಸರುಗಳ ಸಾಲಿಗೆ ಸೇರುವ ಈ ರೂಪ ಉಮರ್ಗಾದವರಿಗೆ ಅಪರಿಚಿತವಾಗಬೇಕಿಲ್ಲ. ಮರಾಠಿಯಲ್ಲಿ ಇಂದಿಗೂ ಅವರ ಊರನ್ನು ‘ಉಮರಗೆ’ ಎಂದು ಬರೆಯುವುದುಂಟು. ವಿಷ್ಣು ಎಂಬ ಶಬ್ದ ಕನ್ನಡದ ನಾಲಗೆಯಲ್ಲಿ ಬಿಟ್ಟಿ, ವಿಟ್ಟಿ ಎಂದಾಗಿ, ಅದರಿಂದ ವಿಠ್ಠಲ ಬಂದಿರಬೇಕೆಂದು ರಾ. ಗೋ. ಭಾಂಡಾರಕರರು ಸೂಚಿಸಿದ್ದರು. ಹೊಯ್ಸಳ ಬಿಟ್ಟಿದೇವನೇ ವಿಷ್ಣುವರ್ಧನನೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತಿರುವ ಮಾತು. ಶಂ. ಬಾ. ಜೋಶಿಯವರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು ಈ ಎರಡು ಸಂಸ್ಕೃತಿಗಳ ಹೆಣಿಗೆಯನ್ನು ಬಿಡಿಸಿ ತೋರಿದರು. ಮರಾಠಿಯ ರಾ. ಚಿಂ. ಢೇರೆಯವರು ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ ಎಂಬ ಗ್ರಂಥದಲ್ಲಿ ವಿಠ್ಠಲನು ಮೂಲತಃ ದನಗಾಹಿಗಳ, ಕುರಿಗಾಹಿಗಳ ದೇವರೆಂದೂ ಅವನ ಬೇರುಗಳು ದಕ್ಷಿಣದಲ್ಲಿವೆಯೆಂದೂ ವಿಸ್ತಾರವಾಗಿ ಸಾಧಿಸಿದರು. ಆ ಗ್ರಂಥಕ್ಕೆ 1987ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಕನ್ನಡದ ನಂಟನ್ನು ಇಷ್ಟು ಶ್ರದ್ಧೆಯಿಂದ ಎತ್ತಿ ಹಿಡಿದವರು ಮರಾಠಿ ವಿದ್ವಾಂಸರೆಂಬುದನ್ನು, ‘ವಿಠ್ಠಲ ನಮ್ಮವನು’ ಎಂದು ವೇದಿಕೆಗಳಲ್ಲಿ ಗುಡುಗುವ ಕನ್ನಡಿಗರು ಮರೆಯಬಾರದು.

ಇನ್ನು ಹಾಡುಗಳೊಳಗಿನ ಊರಿನ ವಿಷಯ. ಮರಾಠಿ ಸಂತರ ಪದಗಳಲ್ಲಿ ಪಂಢರಿ ದೇವರ ವಾಸಸ್ಥಾನ ಮಾತ್ರವಲ್ಲ, ಕಣ್ಣಿಗೆ ಕಾಣುವ, ಕಾಲಿಗೆ ತಾಗುವ ಊರು. ಭೀಮಾನದಿ ಅಲ್ಲಿ ಅರ್ಧಚಂದ್ರಾಕಾರವಾಗಿ ಬಾಗುತ್ತದೆ; ಆದ್ದರಿಂದ ಅವಳು ಚಂದ್ರಭಾಗಾ. ನದಿಯ ಮರಳುದಂಡೆ ವಾಳವಂಟ. ಕೀರ್ತನೆ, ಕುಣಿತಗಳೆಲ್ಲ ನಡೆಯುವ ಬಯಲು. ತಂದೆತಾಯಿಗಳ ಸೇವೆಯಲ್ಲಿದ್ದ ಪುಂಡಲೀಕ, ಬಂದ ದೇವರಿಗೆ ನಿಲ್ಲಲು ಇಟ್ಟಿಗೆಯೊಂದನ್ನು ಎಸೆದ ಕಥೆ ಪ್ರತಿ ಎರಡನೆಯ ಅಭಂಗದಲ್ಲಿ ಇಣುಕುತ್ತದೆ. ಆ ಇಟ್ಟಿಗೆ, ಸೊಂಟದ ಮೇಲಿಟ್ಟ ಕೈ, ಮಹಾದ್ವಾರದ ಮೆಟ್ಟಿಲು, ಈ ನಾಲ್ಕಾರು ವಸ್ತುಗಳಲ್ಲಿಯೇ ಇಡೀ ಊರು ಹಾಡಿನೊಳಗೆ ಮೂಡುತ್ತದೆ. ಏಕನಾಥರ ಒಂದು ಅಭಂಗ ಪಂಢರಿಯನ್ನು ತವರುಮನೆಯೆನ್ನುತ್ತದೆ: ಅಲ್ಲಿ ವಿಠ್ಠಲ ತಂದೆ, ರುಖುಮಾಯಿ ತಾಯಿ, ಪುಂಡಲೀಕ ಬಂಧು, ಚಂದ್ರಭಾಗೆ ತಂಗಿ. ತವರು ಎಂಬುದು ಕನ್ನಡ ತ್ರಿಪದಿಗಳ ಪ್ರಾಣವೂ ಹೌದು. ಬೀಸುವ ಕಲ್ಲಿನ ಮುಂದೆ ಕುಳಿತ ಗರತಿ ತವರಿನ ದಾರಿ, ಅಣ್ಣನ ಬರವು, ತಾಯಿಯ ಮಡಿಲು ಇವುಗಳನ್ನೇ ನೆನೆಯುತ್ತಾಳೆ. ಎರಡೂ ಭಾಷೆ ಬಲ್ಲ ಹೆಣ್ಣಿಗೆ ಏಕನಾಥರ ಹಾಡು ಪರಕೀಯವೆನಿಸದಿರಲು ಈ ಒಂದು ಶಬ್ದವೇ ಸಾಕು. ವರ್ಷಕ್ಕೊಮ್ಮೆ ಮನೆಗೆಲಸ ಬಿಟ್ಟು ಹದಿನೈದು ದಿನ ವಾರಿಯಲ್ಲಿ ನಡೆಯುವ ಹೆಂಗಸಿಗೆ ‘ತವರು’ ಎಂಬುದು ಉಪಮೆ ಕೂಡ ಅಲ್ಲ.

ಕನ್ನಡದ ಹರಿದಾಸರಲ್ಲಿ ಚಿತ್ರ ಬೇರೆ. ಶ್ರೀಪಾದರಾಜರ ಅಂಕಿತ ರಂಗವಿಠಲ. ಆ ಮೂರ್ತಿ ಅವರಿಗೆ ಪಂಢರಪುರದ ಭೀಮಾತೀರದಲ್ಲಿ ದೊರೆಯಿತೆಂಬ ಐತಿಹ್ಯವಿದೆ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂದು ದಾಸಪರಂಪರೆ ಮುಂದುವರಿಯಿತು. ಕ್ಷೇತ್ರಗಳನ್ನು ಕುರಿತ ಸುಳಾದಿಗಳಿವೆ, ಪಾಂಡುರಂಗನ ಪದಗಳೂ ಇವೆ. ಆದರೂ ಒಟ್ಟಾರೆಯಾಗಿ ನೋಡಿದರೆ ಪಂಢರಿಯ ಬೀದಿ, ಮರಳು, ಮೆಟ್ಟಿಲುಗಳು ಮರಾಠಿಯಲ್ಲಿರುವಷ್ಟು ದಟ್ಟವಾಗಿ ಕನ್ನಡದಲ್ಲಿಲ್ಲ. ಇಲ್ಲಿ ಊರು ಹಾಡಿನ ನಡುವಿನಿಂದ ಸರಿದು ಕೊನೆಯ ಸಾಲಿನ ಅಂಕಿತದಲ್ಲಿ ಹೋಗಿ ಕುಳಿತಿದೆ. ದಾಸರು ಎಲ್ಲಿ ಹಾಡಿದರೆ ಅಲ್ಲಿ ವಿಠಲ. ವಿಗ್ರಹವೇ ಸಂಚರಿಸಿತೆಂಬ ಐತಿಹ್ಯ ಕೂಡ ಇದಕ್ಕೆ ಹೊಂದುತ್ತದೆ: ವಿಜಯನಗರದ ಅರಸ ಪಂಢರಿಯ ಮೂರ್ತಿಯನ್ನು ಹಂಪಿಗೆ ಒಯ್ದನೆಂದೂ ಏಕನಾಥರ ಮುತ್ತಜ್ಜ ಭಾನುದಾಸರು ಅದನ್ನು ಮರಳಿ ತಂದರೆಂದೂ ವಾರಕರಿಗಳು ಹೇಳುತ್ತಾರೆ. ಹಂಪಿಯ ವಿಜಯವಿಠಲ ದೇವಾಲಯದ ಗರ್ಭಗುಡಿಯಲ್ಲಿ ಈಗ ಮೂರ್ತಿಯಿಲ್ಲ. ಐತಿಹ್ಯವನ್ನು ನಂಬಿದವರಿಗೂ ನಂಬದವರಿಗೂ ಆ ಖಾಲಿ ಗರ್ಭಗುಡಿ ಮಾತ್ರ ಒಂದೇ.

ಮಾಡಗೂಳಕರರ ಗೀತೆಯ ಕೊನೆಯ ಚರಣದಲ್ಲಿ ನಾಲ್ವರು ಭಕ್ತರು ಬರುತ್ತಾರೆ: ನಾಮದೇವ, ಚೋಖಾಮೇಳಾ, ಪುರಂದರ, ದಾಮಾಜಿ. ಕೇಳುವವರು ಈ ಹೆಸರುಗಳನ್ನು ರಾಗದ ಓಟದಲ್ಲಿ ದಾಟಿಬಿಡುತ್ತಾರೆ. ಆದರೆ ಗಡಿಯ ಓದುಗ ನಿಲ್ಲಬೇಕಾದುದು ಅಲ್ಲಿಯೇ. ನಾಮದೇವರು ಪರಂಪರೆಯ ಪ್ರಕಾರ ಮರಾಠವಾಡದ ನರಸಿಯವರು. ಮಹಾದ್ವಾರದ ಮೊದಲ ಮೆಟ್ಟಿಲು ಅವರ ಹೆಸರಿನಲ್ಲಿದೆ. ಪುರಂದರದಾಸರ ಹೆಸರು ಮರಾಠಿ ಚಿತ್ರಗೀತೆಯೊಳಗೆ ಯಾವ ಪರಿಚಯವೂ ಬೇಡವೆಂಬಂತೆ ಬರುವುದು ಗಮನಾರ್ಹ. ಅವರು ಪಂಢರಪುರದಲ್ಲಿದ್ದಾಗ ದೇವರ ಕಂಕಣವೊಂದು ನರ್ತಕಿಯ ಕೈಯಲ್ಲಿ ಕಂಡು, ಕಳವಿನ ಆರೋಪ ಅವರ ಮೇಲೆ ಬಂದು, ಕಂಬಕ್ಕೆ ಕಟ್ಟಿ ಹೊಡೆದರೆಂಬ ಕಥೆಯಿದೆ. ದೇವಾಲಯದಲ್ಲಿ ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಕನ್ನಡದ ದಾಸರಿಗೆ ಆ ಊರು ಬರಿಯ ಪುಣ್ಯಕ್ಷೇತ್ರವಾಗಿರಲಿಲ್ಲವೆಂಬುದನ್ನು ಈ ಕಥೆ ಮುಚ್ಚಿಡುವುದಿಲ್ಲ.

ಚೋಖಾಮೇಳಾರಿಗಂತೂ ಆ ಊರಿನ ದೇವಾಲಯ ಹೊರಗಿನಿಂದ ನೋಡುವ ವಸ್ತುವಾಗಿತ್ತು. ಅವರು ಮಂಗಳವೇಢೆಯ ಮಹಾರರು. ಮಂಗಳವೇಢೆಯೆಂದರೆ ಕಳಚುರಿ ಬಿಜ್ಜಳನ ಮಂಗಳವಾಡ; ಕಲ್ಯಾಣಕ್ಕೆ ಬರುವ ಮೊದಲು ಬಸವಣ್ಣನವರು ಕರಣಿಕರಾಗಿದ್ದರೆಂದು ಹೇಳುವ ಊರು. ಅಸ್ಪೃಶ್ಯರೆಂಬ ಕಾರಣಕ್ಕೆ ಚೋಖಾ ಗುಡಿಯೊಳಗೆ ಕಾಲಿಡುವಂತಿರಲಿಲ್ಲ. ಅವರ ಅಭಂಗಗಳಲ್ಲಿ ಪಂಢರಿಯ ಸಂಭ್ರಮವಿದೆ. ಅದರ ಪಕ್ಕದಲ್ಲಿಯೇ, ಕಬ್ಬು ಡೊಂಕಾದರೂ ರಸ ಡೊಂಕಲ್ಲ ಎಂಬ ನ್ಯಾಯದ ಪ್ರಶ್ನೆಯೂ ಇದೆ. ಮಂಗಳವೇಢೆಯಲ್ಲಿ ಊರ ಗೋಡೆ ಕಟ್ಟುವ ಬಿಟ್ಟಿ ದುಡಿಮೆಯಲ್ಲಿ ಗೋಡೆ ಕುಸಿದು ಅವರು ತೀರಿಕೊಂಡರು. ಪರಂಪರೆ ಅದನ್ನು 1338ರ ಘಟನೆಯೆನ್ನುತ್ತದೆ. ಎಲುಬುಗಳಲ್ಲಿ ವಿಠ್ಠಲನಾಮ ಕೇಳಿ ಗುರುತಿಸಿದ ನಾಮದೇವರು ಅವುಗಳನ್ನು ತಂದು ಮಹಾದ್ವಾರದ ಎದುರಿಗೆ ಸಮಾಧಿ ಮಾಡಿದರಂತೆ. ಸಮಾಧಿ ಇರುವುದೂ ಹೊರಗೇ. ಅವರ ಜನಕ್ಕೆ ಒಳಗಿನ ಬಾಗಿಲು ತೆರೆಯಲು 1947ರ ಮೇ ತಿಂಗಳಿನಲ್ಲಿ ಸಾನೆ ಗುರೂಜಿಯವರು ಪಂಢರಪುರದಲ್ಲಿ ಉಪವಾಸ ಕೂರಬೇಕಾಯಿತು. ಡಾ. ಅಂಬೇಡ್ಕರರು ಅಸ್ಪೃಶ್ಯತೆಯ ಮೂಲವನ್ನು ಕುರಿತು 1948ರಲ್ಲಿ ಪ್ರಕಟಿಸಿದ ಗ್ರಂಥವನ್ನು ನಂದನಾರ್, ರವಿದಾಸ, ಚೋಖಾಮೇಳಾ ಈ ಮೂವರ ಸ್ಮೃತಿಗೆ ಅರ್ಪಿಸಿದರು. ದೇವರು ಚೋಖಾನ ದನ ಕಾಯುತ್ತಾನೆಂದು ಚಿತ್ರಗೀತೆ ಮಧುರವಾಗಿ ಹೇಳಿ ಮುಂದೆ ಸಾಗುತ್ತದೆ. ಆ ಮಾಧುರ್ಯದ ಹಿಂದೆ ಆರು ಶತಮಾನಗಳ ಮುಚ್ಚಿದ ಬಾಗಿಲಿದೆಯೆಂಬುದನ್ನು ಪಾಠ ಹೇಳುವವರು ಸೇರಿಸಿ ಹೇಳಬೇಕಾಗುತ್ತದೆ.

ದಾಮಾಜಿಯ ಕಥೆ ಉದಗೀರದವರಿಗೆ ಮನೆಯ ಕಥೆಯಂತಿದೆ. ಮಂಗಳವೇಢೆಯಲ್ಲಿ ಬೀದರ ಬಾದಶಹನ ಅಧಿಕಾರಿಯಾಗಿದ್ದ ದಾಮಾಜಿಪಂತನು ಬರಗಾಲದಲ್ಲಿ ಸರಕಾರದ ಕಣಜ ತೆರೆದು ಜನಕ್ಕೆ ಧಾನ್ಯ ಹಂಚಿದ. ಶಿಕ್ಷೆ ತಪ್ಪದಾಗಿತ್ತು. ಆಗ ವಿಠ್ಠಲ ಮಹಾರನ ವೇಷ ತೊಟ್ಟು, ಬೀದರದ ದರಬಾರಿಗೆ ನಡೆದು ಹೋಗಿ, ಧಾನ್ಯದ ಬೆಲೆಯನ್ನೆಲ್ಲ ಸಂದಾಯ ಮಾಡಿ ರಸೀದಿ ಪಡೆದನೆಂದು ಐತಿಹ್ಯ. ‘ಝಾಲಾ ಮಹಾರ ಪಂಢರೀನಾಥ’ ಎಂಬ ಚಿತ್ರದ ಹೆಸರಿಗೆ ಪಂಢರೀನಾಥ ಮಹಾರನಾದ ಎಂಬುದೇ ಅರ್ಥ. ಗುಡಿಯೊಳಗೆ ಬರಬಾರದೆಂದು ಯಾರನ್ನು ತಡೆದಿದ್ದರೋ ಅವರ ರೂಪದಲ್ಲಿಯೇ ದೇವರು ಹೊರಬಿದ್ದ. ಬೀದರದ ಹೆಸರು ಪಂಢರಿಯ ಕಥನದಲ್ಲಿ ಮತ್ತೊಮ್ಮೆ ಬರುವುದು ಕಾನ್ಹೋಪಾತ್ರೆಯಲ್ಲಿ. ಅವಳೂ ಮಂಗಳವೇಢೆಯವಳು, ಗಣಿಕೆಯ ಮಗಳು. ಬಾದಶಹನ ಆಳುಗಳು ಕರೆದೊಯ್ಯಲು ಬಂದಾಗ ಪಂಢರಿಯ ಗುಡಿಯಲ್ಲಿ ದೇವರ ಪಾದದ ಮೇಲೆ ಪ್ರಾಣ ಬಿಟ್ಟಳು. ಈ ಎರಡೂ ಕಥೆಗಳಲ್ಲಿ ಬೀದರ ಭಯದ ಊರು, ಪಂಢರಿ ಅಭಯದ ಊರು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವೆಂಬುದನ್ನು ನೆನೆದರೆ, ಇಲ್ಲಿಯ ಹಿರಿಯರು ದಾಮಾಜಿಯ ಕೀರ್ತನೆಯನ್ನು ಕೇಳುವಾಗ ನಗುತ್ತಿದ್ದುದು ಏಕೆಂದು ತಿಳಿಯುತ್ತದೆ. ಜಿಲ್ಲಾ ಕಚೇರಿಗೆ ಕಂದಾಯ ಕಟ್ಟಲು ಅವರೂ ಅದೇ ದಿಕ್ಕಿಗೆ ಹೋಗಬೇಕಿತ್ತು.

ಎರಡು ಭಾಷೆಗಳ ನಂಟು ಯಾವಾಗಲೂ ಇಂಥ ಸೊಗಸಿನದೆಂದು ಭಾವಿಸಬಾರದು. ತುಕಾರಾಮರ ಒಂದು ಅಭಂಗದಲ್ಲಿ ಕನ್ನಡದ ಹೆಂಗಸೊಬ್ಬಳು ಮರಾಠಿ ಗಂಡನನ್ನು ಕಟ್ಟಿಕೊಂಡಿದ್ದಾಳೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಹತ್ತಿರ ಬಾ ಎಂದು ಅವಳು ಕನ್ನಡದಲ್ಲಿ ಕರೆಯುತ್ತಾಳೆ. ಅವನು ಅದನ್ನು ಬೇರೇನೋ ಎಂದು ತಿಳಿದು ಓಡಿಹೋಗುತ್ತಾನೆ. ತನ್ನ ಮತ್ತು ದೇವರ ನಡುವೆ ಇಂಥ ಗತಿ ಬಾರದಿರಲಿ, ಸಜ್ಜನರ ಸಂಗ ದೊರೆಯಲಿ ಎಂಬುದು ತುಕಾರಾಮರ ಬೇಡಿಕೆ. ದೇಹುವಿನ ಕವಿಗೆ ಕನ್ನಡದ ಆ ಎರಡು ಪುಟ್ಟ ಶಬ್ದಗಳು ಕಿವಿಯ ಮೇಲೆ ಬಿದ್ದಿದ್ದವೆಂಬುದು ಒಂದು ಸಂತೋಷ. ಅವು ಅವರಿಗೆ ಅಪಾರ್ಥದ ನಿದರ್ಶನವಾಗಿ ಒದಗಿದುವೆಂಬುದು ಅಷ್ಟೇ ನಿಜ. ಇದರ ಎದುರಿಗೆ ಕಾಖಂಡಕಿಯ ಮಹಿಪತಿದಾಸರನ್ನು ಇಟ್ಟು ನೋಡಬಹುದು. ಅದೇ ಹದಿನೇಳನೆಯ ಶತಮಾನದಲ್ಲಿ ಆದಿಲಶಾಹಿಯ ನಾಡಿನಲ್ಲಿದ್ದ ಅವರು ಕನ್ನಡದೊಂದಿಗೆ ಮರಾಠಿ, ಹಿಂದಿಗಳಲ್ಲಿಯೂ ಪದ ಹಾಡಿದರು. ಗಡಿಯಲ್ಲಿ ಓಡಿಹೋಗುವ ಗಂಡನೂ ಇದ್ದಾನೆ, ಮಹಿಪತಿದಾಸರೂ ಇದ್ದಾರೆ.

ಇಪ್ಪತ್ತನೆಯ ಶತಮಾನದಲ್ಲಿ ಪಂಢರಿಯ ಹಾಡುಗಳಿಗೆ ಅತಿ ದೊಡ್ಡ ಕಂಠ ದೊರೆತದ್ದು ಕನ್ನಡ ನಾಡಿನಿಂದ. 1922ರಲ್ಲಿ ಗದಗಿನಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ರಾಮ ಫಾಟಕರ ಸಂಯೋಜನೆಗಳಲ್ಲಿ ಏಕನಾಥರ ತವರಿನ ಅಭಂಗವನ್ನೂ, ತೀರ್ಥ ಕ್ಷೇತ್ರಗಳೆಲ್ಲ ವಿಠ್ಠಲನೇ ಎನ್ನುವ ನಾಮದೇವರ ಅಭಂಗವನ್ನೂ ಹಾಡಿದರು. ‘ಸಂತವಾಣಿ’ ಎಂಬ ಅವರ ಕಾರ್ಯಕ್ರಮಕ್ಕೆ ಮರಾಠಿ ಶ್ರೋತೃಗಳು ನೆರೆಯುತ್ತಿದ್ದರು. ಅದೇ ಕಂಠ ಕನ್ನಡದಲ್ಲಿ ‘ದಾಸವಾಣಿ’ಯಾಗಿ ಪುರಂದರರನ್ನು ಹಾಡುತ್ತಿತ್ತು. ಕಾನಡಾ ಎಂಬ ಶಬ್ದಕ್ಕೆ ವ್ಯಾಖ್ಯಾನ ಬೇಕಾದವರು ಈ ಎರಡು ಧ್ವನಿಮುದ್ರಿಕೆಗಳನ್ನು ಒಂದರ ಹಿಂದೆ ಒಂದು ಕೇಳಬೇಕು. ಕನ್ನಡ ಚಲನಚಿತ್ರವೂ ಹಿಂದುಳಿಯಲಿಲ್ಲ. ಹುಣಸೂರು ಕೃಷ್ಣಮೂರ್ತಿಯವರ ‘ಭಕ್ತ ಕುಂಬಾರ’ (1974) ಚಿತ್ರದಲ್ಲಿ ಡಾ. ರಾಜಕುಮಾರ್ ಗೋರಾ ಕುಂಬಾರನಾದರು, ಪಿ. ಬಿ. ಶ್ರೀನಿವಾಸರು ಹಾಡಿದ ಆ ಚಿತ್ರದ ಗೀತೆಗಳು ಕರ್ನಾಟಕದ ಊರೂರಿನ ಭಜನೆಯಲ್ಲಿ ಸೇರಿಹೋದವು. ಮೈಸೂರು, ಮಂಡ್ಯದ ಪ್ರೇಕ್ಷಕರು ಗೋರಾನನ್ನು ಕನ್ನಡದ ಕುಂಬಾರನೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ. ಅವನ ಊರು ತೇರ್. ಉಮರ್ಗಾ ಯಾವ ಧಾರಾಶಿವ ಜಿಲ್ಲೆಯಲ್ಲಿದೆಯೋ ಅದೇ ಜಿಲ್ಲೆಯ ಊರು.

ಚಿತ್ರಗೀತೆ, ಧ್ವನಿಮುದ್ರಿಕೆಗಳಿಗಿಂತ ದೊಡ್ಡ ಭಂಡಾರ ಬೀಸುವ ಕಲ್ಲಿನದು. ಗಂಗಾಖೇಡದ ಜನಾಬಾಯಿ ನಾಮದೇವರ ಮನೆಯ ದಾಸಿ. ಅವಳು ಬೀಸಲು ಕುಳಿತರೆ ವಿಠ್ಠಲ ಬಂದು ಕಲ್ಲಿಗೆ ಕೈ ಹಾಕುತ್ತಿದ್ದನೆಂಬ ನಂಬಿಕೆಯಿಂದಲೇ ಮರಾಠಿಯ ಹೆಣ್ಣುಮಕ್ಕಳು ಬೀಸುವಾಗ ಪಂಢರಿಯ ಓವಿಗಳನ್ನು ಕಟ್ಟಿದರು. ಗೀ ಪ್ವಾತ್ವೇಂ ಮತ್ತು ಹೇಮಾ ರಾಯರಕರ್ ಅವರು ಗ್ರಾಮೀಣ ಮಹಾರಾಷ್ಟ್ರದಲ್ಲಿ ಸಂಗ್ರಹಿಸಿದ ಇಂಥ ಓವಿಗಳ ಸಂಖ್ಯೆ ಒಂದು ಲಕ್ಷವನ್ನು ಮೀರುತ್ತದೆ. ಕನ್ನಡದಲ್ಲಿಯೂ ಗರತಿಯ ಹಾಡುಗಳ ಸಂಗ್ರಹಗಳಿಗೆ ಕೊರತೆಯಿಲ್ಲ. ಅಪಾಯವಿರುವುದು ನಡುವಿನ ಹಾಡುಗಳಿಗೆ. ಮುರೂಮ, ಕಾಸಾರ ಸಿರಸಿ, ಔರಾದ ಶಹಾಜಾನಿ, ದೇವಣಿಯಂಥ ಕಡೆಗಳಲ್ಲಿ ಕನ್ನಡದ ಮನೆಯಿಂದ ಮರಾಠಿಯ ಮನೆಗೆ ಅಥವಾ ಅಲ್ಲಿಂದ ಇಲ್ಲಿಗೆ ಸೊಸೆಯಾಗಿ ಬಂದವಳು ಹಾಡುವ ಪದದಲ್ಲಿ ಮೊದಲ ಸಾಲು ಒಂದು ಭಾಷೆಯದು, ಎರಡನೆಯದು ಇನ್ನೊಂದರದು ಆಗಿದ್ದರೆ, ಅದು ಯಾವ ಸಂಗ್ರಹಕ್ಕೆ ಸೇರಬೇಕು? ಕನ್ನಡದ ಸಂಪಾದಕನಿಗೆ ಅದು ಕೆಟ್ಟ ಕನ್ನಡವಾಗಿ, ಮರಾಠಿಯ ಸಂಪಾದಕನಿಗೆ ಕೆಟ್ಟ ಮರಾಠಿಯಾಗಿ ಕಾಣುವ ಸಂಭವವೇ ಹೆಚ್ಚು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಹಿತ್ತಲು ಸೇರಿ ಬಹಳ ಕಾಲವಾಯಿತು. ಆ ಪದಗಳು ಈಗ ಎಪ್ಪತ್ತು ದಾಟಿದ ಅಜ್ಜಿಯರ ನೆನಪಿನಲ್ಲಿ ಮಾತ್ರ ಇವೆ.

ದೀಪಾವಳಿಯ ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ಇಂಥ ಪದಗಳನ್ನು ಬರೆದುಕೊಳ್ಳುವಾಗ ಗಮನಿಸಬೇಕಾದುದು ಸ್ವಲ್ಪವೇ. ಅಜ್ಜಿಯನ್ನು ಬರಿದೆ ಕೂರಿಸಿ ಹಾಡು ಎಂದರೆ ನೆನಪಾಗುವುದಿಲ್ಲ. ಕೈಗೆ ಏನಾದರೂ ಕೆಲಸವಿರಬೇಕು, ಸಾಧ್ಯವಾದರೆ ಹಳೆಯ ಕಲ್ಲನ್ನೇ ಹೊರತೆಗೆದು ಹಿಡಿ ಜೋಳ ಹಾಕಿಕೊಡಬೇಕು. ಮೊಬೈಲಿನಲ್ಲಿ ಧ್ವನಿ ಮುದ್ರಿಸುವ ಮೊದಲು ಅವಳ ಒಪ್ಪಿಗೆ ಕೇಳಬೇಕು. ತವರೂರು ಯಾವುದು, ಪದವನ್ನು ಯಾರಿಂದ ಕಲಿತಳು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಮರಾಠಿ ಸಾಲು ಬಂದಲ್ಲಿ ದೇವನಾಗರಿ, ಕನ್ನಡ ಸಾಲು ಬಂದಲ್ಲಿ ಕನ್ನಡ ಲಿಪಿ ಎಂದು ಒಡೆಯದೆ ಇಡೀ ಪದವನ್ನು ಒಂದೇ ಲಿಪಿಯಲ್ಲಿ, ಕಿವಿಗೆ ಬಿದ್ದಂತೆ ಬರೆಯಬೇಕು. ಅವಳು ಪಂಡ್ರಾಪುರ ಎಂದರೆ ಪಂಡ್ರಾಪುರ ಎಂದೇ ಇರಲಿ. ಅದನ್ನು ತಿದ್ದಿ ಪಂಢರಪುರ ಮಾಡುವುದು ಬೇಡ.